ಗುಬ್ಬಕ್ಕನಿಗೆ ಸ್ವಂತ ಮನೆ ಇಲ್ಲ

(ತುಮಕೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಮಾರ್ಚ್ ತಿಂಗಳ ಒಂದು ಸಂಜೆ ಆಡಿದ ಮಾತು. ಬರೆದು ಕೊಡಿ ಎಂದು ಕೇಳಿದವರಿಗಾಗಿ ಬರೆದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪಕ್ಷಿ ತಜ್ಞೆ ಎಂದು ಪರಿಚಯ ಮಾಡಿಕೊಟ್ಟರು. ಅದು ಸುಳ್ಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಹಿಂದಿನ ಸಾಲಿನಲ್ಲಿ ಕೂತಿರುವ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳೇ, ಬೇಕಾದರೆ ಕೇಳಿ. ಗುಬ್ಬಚ್ಚಿ ನೋಡುವುದು ನನಗೆ ಅಂಟಿಕೊಂಡ ಚಟ, ಅಷ್ಟೇ.

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ನಾಸಿಕದ ಮೊಹಮ್ಮದ್ ದಿಲಾವರ್ ಅವರ ನೇಚರ್ ಫಾರೆವರ್ ಸೊಸೈಟಿ 2010ರಲ್ಲಿ ಶುರು ಮಾಡಿದ್ದು. ಒಳ್ಳೆಯ ಕೆಲಸವೇ. ಆದರೆ ಆ ದಿನ ಬಂತೆಂದರೆ ಊರೂರಲ್ಲಿ ಗುಬ್ಬಿಗೆ ಶ್ರದ್ಧಾಂಜಲಿ ಶುರುವಾಗುತ್ತದೆ. ಹೋದ ವರ್ಷ ಇಂಥದ್ದೇ ಒಂದು ಸಭೆಗೆ ಹೋಗಿದ್ದೆ. ಗುಬ್ಬಿ ಕಾಣಿಸುವುದೇ ಇಲ್ಲ ಎಂದು ಭಾಷಣ ಮಾಡುವವರ ಗಂಟಲು ಕಟ್ಟಿಬಂದಿತ್ತು. ಅವರ ಹಿಂದಿನ ರೋಲಿಂಗ್ ಶಟರಿನ ಡಬ್ಬದ ಮೇಲೆ ಕೂತು ಒಂದು ಗಂಡು ಗುಬ್ಬಿ ಚಿಂವ್ ಚಿಂವ್ ಎಂದು ಒಂದೇ ಸಮ ಕೂಗುತ್ತಿತ್ತು. ಮೈಕಿನಲ್ಲೂ ಕೇಳುತ್ತಿತ್ತು. ಒಬ್ಬರೂ ತಲೆ ಎತ್ತಲಿಲ್ಲ.

ಹಾಗಾಗಿ ಇವತ್ತು ನಾನು ಅಳುವುದಿಲ್ಲ. ಇರುವ ಗುಬ್ಬಿಯನ್ನು ನೋಡುವ ಖುಷಿಯ ಬಗ್ಗೆ ಮಾತಾಡುತ್ತೇನೆ.

ನಮಗೆಲ್ಲ ಗುಬ್ಬಿ ಮೊದಲು ಸಿಕ್ಕಿದ್ದು ಕಥೆಯಲ್ಲಿ ಅಲ್ವಾ? ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂತು, ಸಗಣಿ ಮನೆ ಕೊಚ್ಚಿಕೊಂಡು ಹೋಯಿತು. "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ." "ತಾಳು, ಮಗೂಗೆ ನೀರು ಹಾಕ್ತಿದ್ದೀನಿ." "ಗುಬ್ಬಕ್ಕ, ಬಾಗಿಲು ತೆಗಿ." "ತಾಳು, ಬೊಟ್ಟು ಇಡ್ತಿದ್ದೀನಿ." ನಮ್ಮಜ್ಜಿ ಈ ಜಾಗದಲ್ಲಿ ಸಿಕ್ಕಾಪಟ್ಟೆ ಎಳೆಯುತ್ತಿದ್ದರು. ಕಾಡಿಗೆ ಹಚ್ಚಬೇಕು, ತೊಟ್ಟಿಲು ತೂಗಬೇಕು. ಕಾಗಕ್ಕ ಒಳಗೆ ಬರುವಷ್ಟರಲ್ಲಿ ನಮಗೆ ನಿದ್ದೆ. ಮರಾಠಿಯವರ ಮನೆಗಳಲ್ಲೂ ಇದೇ ಕಥೆ ಹೇಳುತ್ತಾರೆ. ಅಲ್ಲಿ ಗುಬ್ಬಿಯದು ಮೇಣದ ಮನೆ.

ದೊಡ್ಡವಳಾಗಿ ಹಕ್ಕಿ ನೋಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಕಥೆ ಉಲ್ಟಾ ಇದೆ. ಸ್ವಂತ ಮನೆ ಇರುವುದು ಕಾಗೆಗೆ. ಮರ ಆರಿಸಿ, ಕಡ್ಡಿ ತಂದು, ತಳದಿಂದ ಕಟ್ಟುತ್ತದೆ. ಗುಬ್ಬಕ್ಕನಿಗೆ ಸ್ವಂತದ್ದು ಅಂತ ಇಲ್ಲ. ಕಲ್ಲಿನ ಮನೆ ಇದೆ, ನಿಜ. ಆದರೆ ಅದು ನಮ್ಮದು. ಜಂತೆಯ ಸಂದಿ, ಹೆಂಚಿನ ಕೆಳಗೆ, ಗೋಡೆಗೆ ಓರೆಯಾಗಿ ತೂಗಿಹಾಕಿದ ತಾತನ ಫೋಟೋ ಹಿಂದೆ, ಕರೆಂಟ್ ಮೀಟರಿನ ಡಬ್ಬದಲ್ಲಿ. ಅಪರೂಪಕ್ಕೆ ಗಿಡದಲ್ಲೂ ಕಟ್ಟುತ್ತದೆ, ಆದರೆ ಅದಕ್ಕೆ ಮನಸ್ಸಿರುವುದು ತೂತಿನ ಮೇಲೆ. ಅಡ್ವಾನ್ಸೂ ಇಲ್ಲ, ಬಾಡಿಗೆಯೂ ಇಲ್ಲ.

ಬೇರೆಯವರು ಇದಕ್ಕೆ ಇಟ್ಟ ಹೆಸರುಗಳನ್ನು ನೋಡಿ. ಮಲಯಾಳಿಗಳು ಅಂಗಾಡಿ ಕುರುವಿ ಎನ್ನುತ್ತಾರೆ. ನಮ್ಮ ಬಾಯಲ್ಲಿ ಹೇಳಿದರೆ ಅಂಗಡಿ ಹಕ್ಕಿ. ಅಕ್ಕಿ ಮೂಟೆ ಇರುವ ಕಡೆ ಇರುವುದು. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಕೊಟ್ಟ ವೈಜ್ಞಾನಿಕ ಹೆಸರಿನ ಅರ್ಥವೂ ಮನೆಯದು ಎಂದೇ. ಈಗಿನ ಪೂರ್ತಿ ಹೆಸರು ಪ್ಯಾಸರ್ ಡೊಮೆಸ್ಟಿಕಸ್. ಇನ್ನು ನಮ್ಮ ಜಿಲ್ಲೆಯಲ್ಲಂತೂ ಒಂದು ಊರಿನ ಹೆಸರೇ ಗುಬ್ಬಿ. ಆದರೆ ಹೊರಗಿನವರಿಗೆ ಆ ಹೆಸರು ಕೇಳಿದರೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ, ಹಕ್ಕಿ ಅಲ್ಲ.

ಈ ಸಹವಾಸ ಇವತ್ತಿನದಲ್ಲ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡಲು ಶುರು ಮಾಡಿದ. ಆಗಲೇ ಗುಬ್ಬಿ ನಮ್ಮ ಬೆನ್ನು ಹತ್ತಿತು ಎನ್ನುತ್ತಾರೆ ವಿಜ್ಞಾನಿಗಳು. ಮನೆಗುಬ್ಬಿಗೆ ಮಧ್ಯ ಏಷ್ಯಾದಲ್ಲಿ ಒಂದು ದಾಯಾದಿ ಹಕ್ಕಿ ಇದೆ. ಅದಕ್ಕೆ ಮನುಷ್ಯರ ಹಂಗಿಲ್ಲ. ಹುಲ್ಲು, ಜೊಂಡು ಇರುವ ಕಡೆ ಬದುಕುತ್ತದೆ, ಚಳಿಗಾಲಕ್ಕೆ ವಲಸೆ ಹೋಗುತ್ತದೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಈ ಎರಡರ ಜೀನ್‌ಗಳನ್ನು ಹೋಲಿಸಿ ನೋಡಿದರು. ಮನೆಗುಬ್ಬಿಯಲ್ಲಿ ಬದಲಾಗಿದ್ದ ಭಾಗದಲ್ಲಿ ತಲೆಬುರುಡೆಯ ಆಕಾರಕ್ಕೆ ಸಂಬಂಧಪಟ್ಟ ಒಂದು ಜೀನ್ ಇತ್ತು. ಪಿಷ್ಟ ಅರಗಿಸುವುದಕ್ಕೆ ಸಂಬಂಧಪಟ್ಟ ಇನ್ನೊಂದು ಇತ್ತು. ಪಿಷ್ಟ ಅಂದರೆ ಅನ್ನ, ಮುದ್ದೆ, ರೊಟ್ಟಿ. ನಮ್ಮ ಊಟ. ಮನುಷ್ಯರಲ್ಲೂ ನಾಯಿಗಳಲ್ಲೂ ಬೇಸಾಯದ ಊಟಕ್ಕೆ ಒಗ್ಗಿಕೊಂಡದ್ದು ಇದೇ ಬಗೆಯ ಜೀನ್‌ಗಳಿಂದ. ಮುದ್ದೆ ಮೇಷ್ಟ್ರ ಒಂದೇ ಕ್ಲಾಸಿನಲ್ಲಿ ಮೂವರೂ ಪಾಸಾಗಿದ್ದೇವೆ.

ಈಗ ನಮ್ಮ ಮನೆಯ ಕಥೆ. ಈ ಚಟ ಹತ್ತಿದ್ದೇ ಅಲ್ಲಿಂದ.

ಹೆಂಚಿನ ಮನೆ ಬಿಟ್ಟು ತಾರಸಿ ಮನೆಗೆ ಬಂದ ಮೊದಲ ಬೇಸಿಗೆ. ಇನ್ನು ಗುಬ್ಬಿ ಕಸದ ಕಾಟ ಇಲ್ಲ ಎಂದು ನಾನು ಖುಷಿಯಾಗಿದ್ದೆ. ಒಂದು ದಿನ ಹಾಲಿನಲ್ಲಿ ನೆಲದ ಮೇಲೆ ಹುಲ್ಲುಕಡ್ಡಿ. ಗುಡಿಸಿದೆ. ಮಧ್ಯಾಹ್ನ ಮತ್ತೆ ಕಡ್ಡಿ, ತೆಂಗಿನ ನಾರು, ಒಂದು ತುಂಡು ದಾರ. ಮೇಲೆ ನೋಡಿದರೆ ಸೀಲಿಂಗ್ ಫ್ಯಾನಿನ ಮೇಲ್ಗಡೆ, ಕೊಕ್ಕೆ ಮುಚ್ಚುವ ಬಟ್ಟಲು ಇರುತ್ತದಲ್ಲ, ಅದರೊಳಗೆ ಸಂಸಾರ ಹೂಡುತ್ತಿದ್ದಾರೆ. ಸ್ಟೂಲ್ ಹತ್ತಿ ತೆಗೆಯೋಣ ಎಂದರೆ ನಮ್ಮ ಅತ್ತೆ ಅಡ್ಡ ಬಂದರು. "ಮೊಟ್ಟೆ ಇಟ್ಟಿರುತ್ತೆ ಕಣೇ. ಬಾಣಂತಿ ಮನೆ ಕೀಳ್ತೀಯಾ?" ಎಂದರು. ಅಷ್ಟೇ ಅಲ್ಲ, ಫ್ಯಾನಿನ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿಬಿಟ್ಟರು. ಯಾರೂ ಮರೆತು ಒತ್ತಬಾರದು ಅಂತ.

ಏಪ್ರಿಲ್ ತಿಂಗಳು. ನಮ್ಮ ಯಜಮಾನರು ಬನಿಯನ್ನಿನಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಾ ಮೇಲೆ ನೋಡಿ ಗೊಣಗುತ್ತಿದ್ದರು. ನಾನು ಲೆಕ್ಕ ಹಾಕಿದೆ. ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ. ಕಾವು ಕೂರುವುದು ಹನ್ನೆರಡು ದಿನದ ಆಸುಪಾಸು. ಮರಿ ಗೂಡು ಬಿಡಲು ಇನ್ನೊಂದು ಹದಿನೈದು ದಿನ. ಒಂದು ತಿಂಗಳು ತಡೆದುಕೊಳ್ಳಿ ಎಂದೆ. ತಿಂಗಳಾಯಿತು, ಮರಿಗಳು ಹಾರಿಹೋದವು, ಯಜಮಾನರು ಪ್ಲಾಸ್ಟರ್ ಕೀಳಲು ಎದ್ದರು. ಅಷ್ಟರಲ್ಲಿ ಅದೇ ಜೋಡಿ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಮತ್ತೆ ಹಾಜರ್. ಗುಬ್ಬಿ ಒಂದೇ ವರ್ಷದಲ್ಲಿ ಎರಡು ಮೂರು ಸಲ ಮರಿ ಮಾಡುತ್ತದೆ ಎಂದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಮಾರನೇ ದಿನ ಮನೆಗೆ ಟೇಬಲ್ ಫ್ಯಾನ್ ಬಂತು.

ಆ ಎರಡು ತಿಂಗಳು ತಲೆ ಎತ್ತಿಕೊಂಡು ಕೂತು ಕಲಿತದ್ದೇ ಜಾಸ್ತಿ. ನಿಮಗೂ ಹೇಳುತ್ತೇನೆ, ನಾಳೆಯಿಂದ ನೋಡಬಹುದು. ದುರ್ಬೀನು ಬೇಡ.

ಗಂಡಿನ ಕತ್ತಿನ ಕೆಳಗೆ ಕಪ್ಪು ಮಚ್ಚೆ ಇರುತ್ತದೆ, ಮಗುವಿಗೆ ಜೊಲ್ಲುಬಟ್ಟೆ ಕಟ್ಟಿದ ಹಾಗೆ. ನೆತ್ತಿ ಬೂದಿ ಬಣ್ಣ, ಪಕ್ಕದಲ್ಲಿ ಕಾಫಿಪುಡಿ ಬಣ್ಣ. ಹೆಣ್ಣು ಪೂರ್ತಿ ಮಣ್ಣಿನ ಬಣ್ಣ, ಕಣ್ಣಿನ ಹಿಂದೆ ತೆಳುವಾದ ಒಂದು ಗೆರೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಕಪ್ಪು ಮಚ್ಚೆಯನ್ನು ಗರಿ ಉದುರಿ ಹೊಸದು ಬಂದ ಮೇಲೊಮ್ಮೆ ನೋಡಿ, ಮರಿ ಮಾಡುವ ಕಾಲದಲ್ಲಿ ಇನ್ನೊಮ್ಮೆ ನೋಡಿ. ಹೊಸ ಗರಿಯ ತುದಿ ಮಾಸಲು ಬಿಳಿ, ಕಪ್ಪು ಒಳಗೆ ಅಡಗಿರುತ್ತದೆ. ದಿನ ಕಳೆದ ಹಾಗೆ ತುದಿ ಸವೆಯುತ್ತದೆ, ಕಪ್ಪು ಹೊರಗೆ ಬರುತ್ತದೆ. ನಾವು ಮದುವೆಗೆ ಹೊಸ ಬಟ್ಟೆ ಹೊಲಿಸುತ್ತೇವೆ. ಗುಬ್ಬಿ ಹಳೆಯದನ್ನೇ ಸವೆಸಿ ಮದುಮಗ ಆಗುತ್ತದೆ. ಅದೇ ಕಾಲಕ್ಕೆ ಗಂಡಿನ ಕೊಕ್ಕೂ ಕಂದು ಬಣ್ಣದಿಂದ ಕಡುಕಪ್ಪಿಗೆ ತಿರುಗುತ್ತದೆ. ಮಚ್ಚೆ ಎಲ್ಲರದೂ ಒಂದೇ ಅಳತೆ ಅಲ್ಲ. ದೊಡ್ಡ ಮಚ್ಚೆಯವನಿಗೆ ಗುಂಪಿನಲ್ಲಿ ದಬ್ಬಾಳಿಕೆ ಸ್ವಲ್ಪ ಜಾಸ್ತಿ ಎಂದು ಬಹಳ ದಿನ ನಂಬಿದ್ದರು. ಈಗ ಅದರ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರಿದೆ. ನನಗೆ ಆ ಮಚ್ಚೆ ಗುರುತು ಹಿಡಿಯಲು ಉಪಯೋಗ. ನಮ್ಮ ಕಾಂಪೌಂಡಿನ ಮೂರು ಗಂಡುಗಳನ್ನು ಅದರಿಂದಲೇ ಬೇರೆ ಬೇರೆ ಹೇಳುತ್ತೇನೆ. ಯಾರು ಯಾರು ಅಂತ ಗೊತ್ತಾದ ಮೇಲೆ ನೋಡುವ ರುಚಿಯೇ ಬೇರೆ. ಅಲ್ಲಿವರೆಗೆ ಗುಬ್ಬಿ, ಆಮೇಲೆ ನೆರೆಹೊರೆ.

ಆ ಒಂದೇ ಸಮ ಚಿಂವ್ ಚಿಂವ್ ಇದೆಯಲ್ಲ, ಅದು ಸುಮ್ನೆ ಕೂಗುವುದಲ್ಲ. ಗಂಡು ಒಂದು ತೂತು ಹಿಡಿದು, ಅದರ ಬಾಯಲ್ಲಿ ಕೂತು, ಮನೆ ಇದೆ ಬನ್ನಿ ಎಂದು ಕರೆಯುವುದು. ಹೆಣ್ಣು ಬಂದು ಒಳಗೆ ಇಣುಕಿ ನೋಡುತ್ತದೆ. ಹಿಡಿಸದಿದ್ದರೆ ಹೋಗುತ್ತದೆ. ಮತ್ತೆ ಶುರು. ಒಂದು ಸಲ ಬೆಳಿಗ್ಗೆ ಕಾಫಿಯಿಂದ ಮಧ್ಯಾಹ್ನ ಸಾರು ಇಳಿಸುವವರೆಗೆ ಒಬ್ಬನೇ ಕೂಗಿದ್ದನ್ನು ಕೇಳಿದ್ದೇನೆ. ಪಾಪ, ಅವನ ಮೀಟರ್ ಡಬ್ಬಕ್ಕೆ ಬಿಸಿಲು ನೇರ ಹೊಡೆಯುತ್ತಿತ್ತು.

ಕೆಲವು ಸಲ ಬೀದಿಯಲ್ಲಿ ಜಗಳ ಬಿದ್ದ ಹಾಗೆ ನಾಲ್ಕೈದು ಗಂಡುಗಳು ಒಂದು ಹೆಣ್ಣಿನ ಹಿಂದೆ ಬೀಳುತ್ತವೆ. ರೆಕ್ಕೆ ಇಳಿಬಿಟ್ಟು, ಬಾಲ ಎತ್ತಿ, ಸುತ್ತ ಕುಪ್ಪಳಿಸಿ, ಒಂದೇ ಗದ್ದಲ. ಹೆಣ್ಣು ಸುಮ್ಮನೆ ಸಹಿಸುವುದಿಲ್ಲ, ಕುಕ್ಕಿ ಓಡಿಸುತ್ತದೆ. ಅರ್ಧ ನಿಮಿಷದಲ್ಲಿ ಸಭೆ ಬರಖಾಸ್ತು.

ಕನ್ನಡಿ ಜಗಳ ನಿಮ್ಮ ಮನೆಗಳಲ್ಲೂ ಆಗಿರುತ್ತದೆ. ಈಗ ಮನೆಯೊಳಗಿನ ಕನ್ನಡಿಗಿಂತ ಸ್ಕೂಟರಿನ ಕನ್ನಡಿ ಜಾಸ್ತಿ. ಒಳಗೆ ಕಾಣುವುದು ತಾನೇ ಎಂದು ಗೊತ್ತಾಗದೆ ಕುಕ್ಕುತ್ತದೆ, ದಿನಗಟ್ಟಲೆ. ನೋಡಲು ತಮಾಷೆ, ಅದಕ್ಕೆ ಸುಸ್ತು. ಕನ್ನಡಿಗೆ ಒಂದು ಹಳೇ ಕಾಲುಚೀಲ ಹಾಕಿಬಿಡಿ.

ಮಣ್ಣಿನ ಸ್ನಾನ ನೋಡಬೇಕು. ನೀರಿನಲ್ಲೂ ಮೀಯುತ್ತದೆ, ಆದರೆ ಪ್ರೀತಿ ಮಣ್ಣಿನ ಮೇಲೆ. ಒಣ ಪುಡಿಮಣ್ಣಿನಲ್ಲಿ ಎದೆಯಿಂದ ಬಟ್ಟಲಿನಂಥ ಗುಣಿ ಮಾಡಿ, ರೆಕ್ಕೆಯಿಂದ ಮೈಮೇಲೆ ಮಣ್ಣು ಎರಚಿಕೊಳ್ಳುತ್ತದೆ. ಪಕ್ಕದಲ್ಲೇ ಜಾಗ ಖಾಲಿ ಇದ್ದರೂ ಪಕ್ಕದವನ ಗುಣಿಯೇ ಬೇಕು. ಬಸ್ಸಿನ ಕಿಟಕಿ ಸೀಟಿಗೆ ನಾವು ಆಡುವ ಹಾಗೆ. ಬೆಳಿಗ್ಗೆ ಗಿಡದ ಪಾತಿಯಲ್ಲಿ ಸಾಲಾಗಿ ಪುಟ್ಟ ಗುಣಿಗಳು ಕಂಡರೆ ಇಲಿ ಎಂದುಕೊಳ್ಳಬೇಡಿ.

ಮರಿ ಇರುವಾಗ ಏನು ತರುತ್ತವೆ ನೋಡಿ. ಕಾಳು ಅಲ್ಲ. ಹಸಿರು ಹುಳ, ಗಿಡದ ಹೇನು, ಜೇಡ. ಕಾಳು ತಿನ್ನುವ ಹಕ್ಕಿ ಎಂದು ನಾವು ಅಂದುಕೊಂಡಿದ್ದೇವೆ, ಆದರೆ ಮೊದಲ ದಿನಗಳಲ್ಲಿ ಮರಿಗೆ ಬೇಕಾದದ್ದು ಹುಳ. ಲೆಕ್ಕದ ಬುದ್ಧಿ ಬಿಡುವುದಿಲ್ಲ, ಒಂದು ಭಾನುವಾರ ಗಡಿಯಾರ ಇಟ್ಟುಕೊಂಡು ಎಣಿಸಿದೆ. ಗಂಡ ಹೆಂಡತಿ ಸೇರಿ ಒಂದು ಗಂಟೆಯಲ್ಲಿ 19 ಸಲ ಬಂದರು. ವಾಪಸ್ ಹೋಗುವಾಗ ಬಾಯಲ್ಲಿ ಬಿಳಿ ಗುಳಿಗೆಯಂಥದ್ದು. ಅದು ಮರಿಯ ಹಿಕ್ಕೆ. ಪೊರೆ ಸುತ್ತಿ ಪೊಟ್ಟಣ ಕಟ್ಟಿದ ಹಾಗೆ ಬರುತ್ತದೆ, ತಂದೆ ತಾಯಿ ಹೊರಗೆ ಎಸೆದು ಬರುತ್ತಾರೆ. ಇದನ್ನು ನೋಡಿದ ಮೇಲೆ ಅತ್ತೆ ನಮ್ಮ ಯಜಮಾನರ ಕಡೆ ಒಂದು ಸಲ ನೋಡಿದರು. ನಮ್ಮ ಇಬ್ಬರು ಮಕ್ಕಳ ಬಟ್ಟೆ ಒಂದು ದಿನವೂ ಅವರು ತೊಳೆದವರಲ್ಲ.

ಗುಬ್ಬಿಯ ಹೊಂದಿಕೊಳ್ಳುವ ಬುದ್ಧಿ ಎಷ್ಟು ಅಂದರೆ, ಇಂಗ್ಲೆಂಡಿನ ಯಾರ್ಕ್‌ಶೈರಿನ ಫ್ರಿಕ್ಲಿ ಎಂಬ ಕಲ್ಲಿದ್ದಲು ಗಣಿಯಲ್ಲಿ 1970ರ ದಶಕದಲ್ಲಿ ನೆಲದಿಂದ 640 ಮೀಟರ್ ಆಳದಲ್ಲಿ ಗುಬ್ಬಿಗಳು ಬದುಕಿದ್ದವು. ಗಣಿಯವರು ತಮ್ಮ ಬುತ್ತಿಯಲ್ಲಿ ಹಂಚಿಕೊಂಡು ಸಾಕಿದರು. ಅಲ್ಲೇ ಗೂಡನ್ನೂ ಕಟ್ಟಿದವು. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಬಸ್ ನಿಲ್ದಾಣದಲ್ಲಿ ತಾನಾಗಿ ತೆರೆಯುವ ಬಾಗಿಲು ಇತ್ತು. ಗುಬ್ಬಿಗಳು ಬಾಗಿಲಿನ ಸೆನ್ಸರಿನ ಮುಂದೆ ರೆಕ್ಕೆ ಬಡಿದು, ಇಲ್ಲವೇ ಅದರ ಮೇಲೆ ಕೂತು ಬಗ್ಗಿ, ಬಾಗಿಲು ತೆಗೆಸಿ ಒಳಗಿನ ಹೋಟೆಲಿಗೆ ಹೋಗುತ್ತಿದ್ದವು. ಇದು 1991ರಲ್ಲೇ ದಾಖಲಾಗಿದೆ. ಮೆಕ್ಸಿಕೊ ಸಿಟಿಯಲ್ಲಿ ಗೂಡಿಗೆ ಸಿಗರೇಟಿನ ತುಂಡುಗಳನ್ನು ತಂದು ಹಾಕುತ್ತವೆ. ಅಂಥ ತುಂಡು ಜಾಸ್ತಿ ಇದ್ದ ಗೂಡಿನಲ್ಲಿ ಉಣ್ಣಿಯಂಥ ಕ್ರಿಮಿಗಳು ಕಡಿಮೆ ಇದ್ದವಂತೆ. ನಿಕೋಟಿನ್ನಿನ ಮಹಿಮೆ.

ಇಂಥ ಸಾಮಾನ್ಯ ಹಕ್ಕಿಗೆ ಒಬ್ಬರು ಜೀವಮಾನವನ್ನೇ ಕೊಟ್ಟರು. ಡೆನಿಸ್ ಸಮ್ಮರ್ಸ್ ಸ್ಮಿತ್. ಬ್ರಿಟನ್ನಿನ ಮೆಕ್ಯಾನಿಕಲ್ ಇಂಜಿನಿಯರ್. ಯಂತ್ರಗಳಲ್ಲಿ ಭಾಗಗಳು ಉಜ್ಜಿ ಸವೆಯುವುದನ್ನು ತಡೆಯುವುದು ಹೇಗೆ ಎನ್ನುವುದು ಅವರ ಹೊಟ್ಟೆಪಾಡು. ಬಿಡುವಿನಲ್ಲಿ ಗುಬ್ಬಿ. 2020ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ, ಜಗತ್ತಿನಲ್ಲಿ ಗುಬ್ಬಿಯ ವಿಷಯಕ್ಕೆ ಅವರದೇ ಕೊನೆ ಮಾತು. ನನಗೆ ಇವರ ಮೇಲೆ ಅಭಿಮಾನ ಯಾಕೆಂದರೆ ಅವರೂ ನನ್ನ ಹಾಗೆ ಬೇರೆ ಕೆಲಸದವರು.

ಕಡಿಮೆಯಾಗಿರುವ ವಿಷಯ ಹೇಳದೆ ಬಿಡುವಂತಿಲ್ಲ. ಚಿಕ್ಕದಾಗಿ ಹೇಳುತ್ತೇನೆ. ಹಕ್ಕಿ ನೋಡುವವರು ಬರೆದಿಟ್ಟ ಪಟ್ಟಿಗಳನ್ನು ಕೂಡಿಸಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ತಂದರು. ಅದರ ಪ್ರಕಾರ ದೇಶದಲ್ಲಿ ಒಟ್ಟಾರೆ 25 ವರ್ಷಗಳಲ್ಲಿ ಗುಬ್ಬಿ ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಇಳಿದಿರುವುದು ಆರು ದೊಡ್ಡ ನಗರಗಳಲ್ಲಿ. ಬೆಂಗಳೂರು ಅದರಲ್ಲೊಂದು. ಮೊಬೈಲ್ ಟವರಿನಿಂದ ಎಂದು ಎಲ್ಲರೂ ಹೇಳುತ್ತಾರೆ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಟವರ್ ಮೇಲೆ ತಪ್ಪು ಹೊರಿಸುವುದು ನಮಗೆ ಸುಲಭ, ನಾವೇನೂ ಮಾಡಬೇಕಾಗಿಲ್ಲವಲ್ಲ! ಗಾಜಿನ ಕಟ್ಟಡದಲ್ಲಿ ತೂತಿಲ್ಲ, ಅಂಗಳಕ್ಕೆಲ್ಲ ಟೈಲ್ಸ್, ಅಕ್ಕಿ ಆರಿಸುವ ಮೊರ ಅಟ್ಟ ಸೇರಿದೆ, ಗಿಡಕ್ಕೆ ಔಷಧಿ ಹೊಡೆದು ಹುಳ ಇಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಗೂಡುಗಳನ್ನು ಗಮನಿಸಿದಾಗ ಹುಳ ಸಾಲದೆ ಮರಿಗಳು ಗೂಡಿನಲ್ಲೇ ಸಾಯುತ್ತಿದ್ದದ್ದು ಕಂಡಿತ್ತು. ಹಾಗಾಗಿ ಕಾಳು ಚೆಲ್ಲುವುದಕ್ಕಿಂತ ದಾಸವಾಳ, ಕರಿಬೇವು, ನಿಂಬೆ ಗಿಡ ಬೆಳೆಸಿ ಔಷಧಿ ಹೊಡೆಯದೆ ಬಿಟ್ಟರೆ ಜಾಸ್ತಿ ಉಪಕಾರ.

ಗೂಡಿನ ಪೆಟ್ಟಿಗೆ ಇಡುವವರು ಬಾಗಿಲನ್ನು ಒಂದೂಕಾಲು ಇಂಚು ಅಗಲ ಮಾಡಿ, ಅಂದರೆ 32 ಮಿಲಿಮೀಟರ್. ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಮಧ್ಯಾಹ್ನದ ಬಿಸಿಲು ಬೀಳದ ಗೋಡೆಗೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಹಾಕಿ. ಗುಬ್ಬಿಗೆ ವಠಾರ ಇಷ್ಟ, ಎರಡು ಮೂರು ಪೆಟ್ಟಿಗೆ ಇದ್ದರೆ ಒಳ್ಳೆಯದು. ಇದೆಲ್ಲ ಇಲ್ಲಿಯ ಮಾತು. ಅಮೆರಿಕದಲ್ಲಿರುವ ನನ್ನ ಮಗಳು ಹಿತ್ತಲಲ್ಲಿ ಪೆಟ್ಟಿಗೆ ಇಡುತ್ತೇನೆ ಎಂದು ಹೊರಟಾಗ ಪಕ್ಕದ ಮನೆಯವರು ಬೇಡ ಎಂದರಂತೆ. ಅವರದು ಸರಿಯೇ. ಅಲ್ಲಿಗೆ ಗುಬ್ಬಿ ಹೊರಗಿನದು. 1851ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಂಗ್ಲೆಂಡಿನಿಂದ ತಂದು ಬಿಟ್ಟದ್ದು, ಈಗ ಖಂಡವೆಲ್ಲ ಹರಡಿದೆ. ಅಲ್ಲಿಯ ಬ್ಲೂಬರ್ಡ್ ಹಕ್ಕಿಯ ಗೂಡನ್ನು ಕಿತ್ತುಕೊಳ್ಳುತ್ತದೆ. ಮಗಳು ಫೋನಿನಲ್ಲಿ, "ಅಮ್ಮಾ, ಇಲ್ಲಿ ಗುಬ್ಬಿಗೂ ವೀಸಾ ತಕರಾರು" ಎಂದಳು.

ಪ್ರಶ್ನೆ ಇದ್ದರೆ ಕೇಳಿ ಎಂದಾಗ ಆರನೇ ಕ್ಲಾಸಿನ ಒಬ್ಬ ಹುಡುಗ ಎದ್ದು ಕೇಳಿದ, "ಮಿಸ್, ಮುಂದಿನ ವರ್ಷಾನೂ ಅದೇ ಗುಬ್ಬಿ ಬರುತ್ತಾ?" ಒಳ್ಳೆ ಪ್ರಶ್ನೆ. ಗುಬ್ಬಿ ದೂರ ಹೋಗುವುದಿಲ್ಲಪ್ಪ. ಹುಟ್ಟಿದ ಜಾಗದಿಂದ ಒಂದೆರಡು ಕಿಲೋಮೀಟರಿನ ಒಳಗೇ ಅದರ ಬದುಕು ಮುಗಿಯುತ್ತದೆ, ಹೆಚ್ಚಿನವು. ಹಿಡಿಸಿದ ತೂತು ಸಿಕ್ಕರೆ ವರ್ಷ ವರ್ಷ ಅದನ್ನೇ ಹಿಡಿದುಕೊಂಡಿರುತ್ತದೆ. ನಿನ್ನ ಬೀದಿಯ ಗುಬ್ಬಿ ಬೇರೆ ಊರಿಂದ ಬಂದದ್ದಲ್ಲ, ನಿನ್ನ ಬೀದಿಯದ್ದೇ. ನಿಮ್ಮ ಮನೆಯಲ್ಲಿ ಹುಟ್ಟಿದ್ದೂ ಇರಬಹುದು.

"ರಾತ್ರಿ ಎಲ್ಲಿ ಮಲಗುತ್ತೆ?" ಎಂದು ಅವನ ತಂಗಿ ಕೇಳಿದಳು. ಗಡಿಯಾರ ನೋಡಿದೆ. ಆರೂ ಕಾಲು. ವಾಚನಾಲಯದ ಗೇಟಿನ ಹತ್ತಿರ ದೊಡ್ಡ ಕಾಗದದ ಹೂವಿನ ಗಿಡ ಇದೆ. ಆ ಹೊತ್ತಿಗೆ ಎಲ್ಲವೂ ಅಲ್ಲಿ ಸೇರಿ, ಎಲ್ಲರೂ ಒಟ್ಟಿಗೆ ಮಾತಾಡಿ, ಕೊಂಬೆಗಾಗಿ ತಳ್ಳಾಡಿ, ಯಾರೋ ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಸುಮ್ಮನಾಗುತ್ತವೆ. ವಂದನಾರ್ಪಣೆ ಆಮೇಲೆ ಮಾಡೋಣ ಎಂದೆ. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದೆವು.